ದಾಕ್ಷಿಣ್ಯಕ್ಕೆ ಸಿಕ್ಕಿದ ಓದು

ಕಳೆದ ಭಾನುವಾರ ನಮ್ಮ ಓದುಗರ ಬಳಗದ ತಿಂಗಳ ಸಭೆ ಮುಗಿಸಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಮೈಸೂರಿನ ಈ ಬಳಗದ ಬಗ್ಗೆ ಹಿಂದೆಯೂ ಬರೆದಿರುವುದರಿಂದ ಮತ್ತೆ ಪರಿಚಯಿಸಬೇಕಾಗಿಲ್ಲ. ಯಾರಾದರೊಬ್ಬರ ಮನೆಯ ಹಜಾರದಲ್ಲಿ ಸೇರುತ್ತೇವೆ, ಈಚೆಗೆ ಓದಿದ ಪುಸ್ತಕದ ಬಗ್ಗೆ ಅನ್ನಿಸಿದ್ದನ್ನು ಹಂಚಿಕೊಳ್ಳುತ್ತೇವೆ, ಕಾಫಿ ಕುಡಿದು ಚದುರುತ್ತೇವೆ. ಈ ಸಲ ಆರಿಸಿಕೊಂಡಿದ್ದು ಹೊಸದಾಗಿ ಪ್ರಕಟವಾದ ಒಂದು ಕಾದಂಬರಿಯನ್ನು. ಲೇಖಕರನ್ನೂ ಸಭೆಗೆ ಕರೆಯಲಾಗಿತ್ತು. ನನ್ನ ತಕರಾರು ಅವರ ಮೇಲಾಗಲಿ ಅವರ ಕೃತಿಯ ಮೇಲಾಗಲಿ ಅಲ್ಲವಾದ್ದರಿಂದ ಎರಡರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಮೊದಲು ಮಾತನಾಡಿದವರೆಲ್ಲರೂ ಪುಸ್ತಕವನ್ನು ಮನಸಾರೆ ಹೊಗಳಿದರು. ಆಮೇಲೆ ಎದ್ದು ನಿಂತವಳು ಬಳಗಕ್ಕೆ ಹೊಸಬಳಾದ ಒಬ್ಬ ವಿದ್ಯಾರ್ಥಿನಿ. ಅವಳ ಕೈಯಲ್ಲಿದ್ದ ಪ್ರತಿಯ ತುಂಬ ಕಾಗದದ ಚೂರುಗಳನ್ನು ಗುರುತಿಗೆ ಇಟ್ಟಿದ್ದಳು. ಅಡಿಕೆ ಬೆಳೆಗಾರರ ಕುಟುಂಬವೊಂದರ ಕತೆಯದು. ಮೊದಲರ್ಧದಲ್ಲಿ ಆ ಮನೆಯ ಸೊಸೆ ಮಂಡಿಯ ಲೆಕ್ಕವನ್ನೆಲ್ಲ ತಾನೇ ಬರೆದಿಡುತ್ತಾಳೆ, ಮಾವ ಯಾರಿಂದ ಎಷ್ಟು ಸಾಲ ತಂದಿದ್ದಾರೆ ಎಂಬ ಗುಟ್ಟು ಗಂಡನಿಗೂ ತಿಳಿಯದೆ ಅವಳೊಬ್ಬಳಿಗೇ ತಿಳಿದಿರುತ್ತದೆ. ಆದರೆ ತೋಟ ಪಾಲಾಗುವ ಅಧ್ಯಾಯದಲ್ಲಿ, ಅಂದರೆ ಬೇರೆಲ್ಲರಿಗಿಂತ ಹೆಚ್ಚಾಗಿ ಅವಳೇ ಬಾಯಿ ಬಿಡಬೇಕಾದ ಕಡೆಯಲ್ಲಿ, ಅವಳು ಪಂಚಾಯಿತಿಗೆ ಕೂತವರಿಗೆ ಕಾಫಿ ತಂದಿಟ್ಟು ಒಳಗೆ ಹೋಗುತ್ತಾಳೆ, ಮತ್ತೆ ಹೊರಗೆ ಬರುವುದೇ ಇಲ್ಲ. "ಆ ಲೆಕ್ಕದ ಪುಸ್ತಕ ಏನಾಯಿತು ಸರ್? ಕೊನೆಯವರೆಗೂ ನಾನು ಅದನ್ನೇ ಕಾಯುತ್ತಿದ್ದೆ" ಎಂದು ಅವಳು ಕೇಳಿದಳು. ಕೊನೆಯ ಮೂರು ಅಧ್ಯಾಯಗಳನ್ನು ಅವಸರದಲ್ಲಿ ಮುಗಿಸಿದಂತೆ ತೋರುತ್ತದೆ, ಈ ಕಾರಣಕ್ಕೆ ಕಾದಂಬರಿ ತನಗೆ ಅಷ್ಟಾಗಿ ಹಿಡಿಸಲಿಲ್ಲ ಎಂದೂ ಹೇಳಿದಳು.

ಲೇಖಕರು ಉತ್ತರ ಹೇಳುವ ಮೊದಲೇ ನಮ್ಮ ಬಳಗದ ಹಿರಿಯರೊಬ್ಬರು ಮಧ್ಯೆ ಬಂದರು. "ನೋಡಮ್ಮ, ಒಂದು ಕಾದಂಬರಿ ಬರೆಯುವ ಕಷ್ಟ ಏನೆಂದು ನಿನಗೆ ಗೊತ್ತಿಲ್ಲ. ಕನ್ನಡದಲ್ಲಿ ಬರೆಯುವವರೇ ಕಡಿಮೆಯಾಗುತ್ತಿರುವ ಕಾಲದಲ್ಲಿ ನಾವು ಪ್ರೋತ್ಸಾಹ ಕೊಡಬೇಕು, ತಪ್ಪು ಹುಡುಕಬಾರದು" ಎಂದರು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಹುಡುಗಿ ಕೂತಳು, ಆಮೇಲೆ ಸಭೆ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ.

ಆ ಚಪ್ಪಾಳೆಯನ್ನು ನನ್ನಿಂದ ಮರೆಯಲಾಗುತ್ತಿಲ್ಲ. ಅಂದು ಹಜಾರದಲ್ಲಿ ಕೂತಿದ್ದವರಲ್ಲಿ ಆ ಪುಸ್ತಕವನ್ನು ನಿಜವಾಗಿ ಓದಿದ್ದೇನೆಂದು ಪುಟಪುಟವಾಗಿ ತೋರಿಸಿಕೊಟ್ಟವಳು ಅವಳೊಬ್ಬಳೇ. ಹೊಗಳಿದವರ ಮಾತನ್ನು ಬೇರೆ ಯಾವ ಕಾದಂಬರಿಗೆ ಹೊಂದಿಸಿದರೂ ಹೊಂದುತ್ತಿತ್ತು. ಒಬ್ಬರಿಗೆ ಅದು ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಯಿತು, ಇನ್ನೊಬ್ಬರಿಗೆ ಮಣ್ಣಿನ ವಾಸನೆ ಬಂತು, ಮತ್ತೊಬ್ಬರ ಪ್ರಕಾರ ಅದು ಪ್ರತಿಯೊಬ್ಬರ ಮನೆಯಲ್ಲೂ ಇರಲೇಬೇಕಾದ ಕೃತಿ. ಸೊಸೆಯ ಹೆಸರು ಅವರಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಪುಸ್ತಕಕ್ಕೆ ಗೌರವ ಕೊಟ್ಟವರು ಯಾರು ಎಂದು ನನ್ನನ್ನು ಕೇಳಿದರೆ, ತನ್ನ ಎರಡು ವಾರದ ಸಂಜೆಗಳನ್ನು ಅದಕ್ಕೆ ಕೊಟ್ಟು, ಅದರೊಳಗಿನ ಒಬ್ಬ ಹೆಂಗಸಿಗಾಗಿ ಕೊನೆಯ ಪುಟದವರೆಗೆ ಕಾದು ಕೂತ ಹುಡುಗಿಯ ಕಡೆಗೆ ಕೈ ತೋರಿಸುತ್ತೇನೆ.

ಓದಿದ ಪುಸ್ತಕದ ಬಗ್ಗೆ ನಾವು ಆಡುವ ಮಾತು ಯಾರಿಗೆ ಸಲ್ಲಬೇಕಾದದ್ದು ಎಂಬುದನ್ನೇ ನಾವು ಮರೆತಿದ್ದೇವೆ. ಆ ಮಾತು ಲೇಖಕರಿಗೆ ಸಲ್ಲಿಸುವ ಕಾಣಿಕೆಯಲ್ಲ, ಮುಂದೆ ಆ ಪುಸ್ತಕವನ್ನು ಕೊಳ್ಳಲಿರುವ ಇನ್ನೊಬ್ಬ ಓದುಗನಿಗೆ ಸಲ್ಲಬೇಕಾದದ್ದು. ಮುನ್ನೂರು ನಾನ್ನೂರು ರೂಪಾಯಿ ಕೊಟ್ಟು ಕಾದಂಬರಿ ಕೊಳ್ಳುವ ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಲ್ಲ. ನಾವು ನಾಲ್ಕು ಜನ ದಾಕ್ಷಿಣ್ಯಕ್ಕೆ ಬಿದ್ದು ಅದ್ಭುತವೆಂದು ಸಾರಿದ ಪುಸ್ತಕವನ್ನು ಅವನು ಕೊಂಡು, ಐವತ್ತು ಪುಟ ಓದಿ ಬೇಸತ್ತು ಕೆಳಗಿಟ್ಟರೆ, ಆಮೇಲೆ ನಮ್ಮಲ್ಲಿ ಯಾರ ಮಾತನ್ನೂ ನಂಬುವುದಿಲ್ಲ. ಅಷ್ಟೇ ಆದರೆ ಸಹಿಸಬಹುದಿತ್ತು. ತನಗೇ ಸಾಹಿತ್ಯ ತಿಳಿಯುವುದಿಲ್ಲವೆಂದುಕೊಂಡು ಅವನು ಕನ್ನಡ ಪುಸ್ತಕದ ಕಡೆ ತಲೆ ಹಾಕುವುದನ್ನೇ ಬಿಟ್ಟುಬಿಟ್ಟರೆ ಆ ನಷ್ಟವನ್ನು ತುಂಬಿಕೊಡುವವರು ಯಾರು? ಪ್ರೋತ್ಸಾಹದ ಹೆಸರಿನಲ್ಲಿ ನಾವು ಓದುಗನನ್ನು ಕಳೆದುಕೊಳ್ಳುತ್ತಿದ್ದೇವೆ.

ಪುಸ್ತಕವೊಂದು ಅಂಗಡಿಗೆ ಬರುವ ಹೊತ್ತಿಗಾಗಲೇ ಹೊಗಳಿಕೆಗೆ ಬೇಕಾದ ವ್ಯವಸ್ಥೆಗಳೆಲ್ಲ ಮುಗಿದಿರುತ್ತವೆ. ಹಿರಿಯರೊಬ್ಬರ ಮುನ್ನುಡಿ, ಇನ್ನೊಬ್ಬರ ಬೆನ್ನುಡಿ, ಬಿಡುಗಡೆಯ ದಿನ ಶಾಲು ಹಾರಗಳ ನಡುವೆ ಕೃತಿ ಪರಿಚಯದ ಭಾಷಣ. ಭಾನುವಾರದ ಪುರವಣಿಗಳಲ್ಲಿ ವಿಮರ್ಶೆಗೆಂದು ಇರುವ ಜಾಗ ಕಿರಿದಾಗುತ್ತ ಬಂದು, ಬಹಳಷ್ಟು ಪುಸ್ತಕಗಳಿಗೆ 'ಸಾದರ ಸ್ವೀಕಾರ'ದ ಪಟ್ಟಿಯಲ್ಲಿ ಹೆಸರು, ಪುಟ, ಬೆಲೆ, ಪ್ರಕಾಶಕರ ವಿಳಾಸ ಬಂದರೆ ಅಲ್ಲಿಗೆ ಮುಗಿಯಿತು. ಇಷ್ಟರ ನಡುವೆ ಯಾರ ಹಂಗೂ ಇಲ್ಲದೆ ಮಾತನಾಡಬಲ್ಲವನು ಸ್ವಂತ ದುಡ್ಡು ಕೊಟ್ಟು ಕೊಂಡು ಓದಿದ ಸಾಮಾನ್ಯ ಓದುಗ ಮಾತ್ರ. ಅವನ ಬಾಯನ್ನೂ ಮುಚ್ಚಿಸಿದ ಮೇಲೆ ಓದುಗರ ಬಳಗವೊಂದು ಏಕಿರಬೇಕು? ಸಿಟ್ಟಿನಿಂದಲೇ ಕೇಳುತ್ತಿದ್ದೇನೆ.

ಈ ಸಿಟ್ಟಿಗೆ ನನ್ನದೇ ಆದ ಕಾರಣವೂ ಇದೆ. ನಾನು ಬೆಳೆದ ಊರಿನಲ್ಲಿ ಪುಸ್ತಕದಂಗಡಿ ಇರಲಿಲ್ಲ, ಇದ್ದದ್ದು ಒಂದು ಶಾಖಾ ಗ್ರಂಥಾಲಯ. ಮನೆಯಲ್ಲಿ ಸಾಹಿತ್ಯದ ಗಂಧವಿಲ್ಲದ ನನಗೆ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಹೇಳಿಕೊಟ್ಟವರು ನನಗಿಂತ ಮೊದಲು ಅದೇ ಪ್ರತಿಯನ್ನು ಓದಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿಟ್ಟು ಹೋದ ಅಜ್ಞಾತರು. 'ಮೊದಲ ನಲವತ್ತು ಪುಟ ತಾಳ್ಮೆಯಿಂದ ಓದಿ, ಆಮೇಲೆ ಬಿಡಲಾರಿರಿ' ಎಂದು ಒಬ್ಬರು ಬರೆದಿದ್ದರೆ, ಅದರ ಕೆಳಗೆ ಬೇರೆಯ ಕೈಬರಹದಲ್ಲಿ 'ನಾನು ನೂರು ಪುಟ ಓದಿದೆ, ಆದರೂ ಬಿಟ್ಟೆ' ಎಂದಿರುತ್ತಿತ್ತು. ದುಃಖಾಂತವಾದ ಒಂದು ಕಾದಂಬರಿಯ ಕೊನೆಯ ಪುಟದಲ್ಲಿ 'ಅವಳನ್ನು ಸಾಯಿಸಬಾರದಿತ್ತು' ಎಂದು ಯಾರೋ ಒತ್ತಿ ಬರೆದಿದ್ದರು, ಪೆನ್ಸಿಲ್ಲಿನ ಗುರುತು ಹಿಂದಿನ ಹಾಳೆಗೂ ಮೂಡಿತ್ತು. ಗ್ರಂಥಾಲಯದ ಪುಸ್ತಕದಲ್ಲಿ ಬರೆಯುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಆ ಸಾಲುಗಳನ್ನು ಬರೆದವರಿಗೆ ಲೇಖಕರ ಮುಲಾಜಿರಲಿಲ್ಲ, ಮುಂದೆ ಓದುವವನ ಮೇಲೆ ಕಾಳಜಿಯಿತ್ತು. ನಾನು ಓದುಗನಾದದ್ದು ಅವರ ಒಪ್ಪಿಗೆ ತಕರಾರುಗಳ ನಡುವೆ. ಅವರ ಋಣ ನನ್ನ ಮೇಲಿರುವುದರಿಂದಲೇ ಕಳೆದ ಭಾನುವಾರದ ಚಪ್ಪಾಳೆ ನನಗೆ ಇಷ್ಟು ಚುಚ್ಚುತ್ತಿದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ, ದೀಪಾ ಭಾಸ್ತಿ ಅವರು ಮಾಡಿದ 'ಹಾರ್ಟ್ ಲ್ಯಾಂಪ್'ಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲರೂ ಸಂಭ್ರಮಿಸಿದೆವು, ಸಂಭ್ರಮಿಸಲೇಬೇಕಿತ್ತು. ಆ ದಿನಗಳಲ್ಲಿ ಎಲ್ಲಿ ನೋಡಿದರೂ ಹೆಮ್ಮೆಯ ಮಾತುಗಳು. ಆದರೆ ಆ ಹನ್ನೆರಡು ಕತೆಗಳಲ್ಲಿ ಯಾವುದು ತಟ್ಟಿತು, ಯಾವುದು ತಟ್ಟಲಿಲ್ಲ ಎಂದು ಹೇಳಿದವರನ್ನು ನಾನು ಹುಡುಕಬೇಕಾಯಿತು. ಕೊನೆಗೆ ಹಾಸನದಲ್ಲಿರುವ ಗೆಳತಿಯೊಬ್ಬರು ಫೋನಿನಲ್ಲಿ 'ಎದೆಯ ಹಣತೆ' ಕತೆಯ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಹಸುಗೂಸನ್ನು ಎತ್ತಿಕೊಂಡು ತವರಿಗೆ ಬಂದ ಮೆಹರುನ್‌ಗೆ, ಮನೆತನದ ಮರ್ಯಾದೆ ಉಳಿಸುವ ಬುದ್ಧಿಯಿದ್ದಿದ್ದರೆ ನೀನು ಅಲ್ಲೇ ಸುಟ್ಟುಕೊಂಡು ಸಾಯುತ್ತಿದ್ದೆ ಎಂಬರ್ಥದ ಮಾತನ್ನು ಒಡಹುಟ್ಟಿದ ಅಣ್ಣನೇ ಆಡುತ್ತಾನೆ. ಕೊನೆಯಲ್ಲಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಓಡಿಬಂದು ತಡೆಯುವವಳು ದೊಡ್ಡ ಮಗಳು ಸಲ್ಮಾ. ನನ್ನ ಗೆಳತಿಗೆ ಆ ಕೊನೆಯ ದೃಶ್ಯಕ್ಕಿಂತ ಹೆಚ್ಚಾಗಿ ಕಾಡಿದ್ದು ಅಣ್ಣನ ಮಾತು. "ಬೆಂಕಿ ಹಚ್ಚಿಕೊಳ್ಳುವ ಯೋಚನೆಯನ್ನು ಅವಳ ತಲೆಗೆ ತುಂಬಿದವನೇ ಅವನು, ಕತೆ ಅದನ್ನು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ ನೋಡಿ" ಎಂದರು. ಸಂಕಲನದ ಬೇರೆ ಎರಡು ಕತೆಗಳಲ್ಲಿ ಮಾತು ಅತಿಯಾಗಿದೆ ಎಂದು ಅಷ್ಟೇ ಖಚಿತವಾಗಿ ಹೇಳಿದರು. ಆ ಒಂದು ಫೋನಿನ ಮಾತುಕತೆಯಿಂದ ನಾನು ಕತೆಯನ್ನು ಮತ್ತೊಮ್ಮೆ ಓದಿದೆ, ಅಣ್ಣನ ಮಾತು ಬರುವ ಜಾಗದಲ್ಲಿ ನಿಂತೆ. ಹೆಮ್ಮೆಯ ಸಂದೇಶಗಳಲ್ಲಿ ಒಂದೂ ನನ್ನನ್ನು ಪುಸ್ತಕದೊಳಕ್ಕೆ ಹಾಗೆ ಕರೆದೊಯ್ದಿರಲಿಲ್ಲ.

ಕನ್ನಡದ ಪುಸ್ತಕ ಮಾರುಕಟ್ಟೆ ಚಿಕ್ಕದು, ಸಾವಿರ ಪ್ರತಿ ಖರ್ಚಾಗುವುದಕ್ಕೆ ವರ್ಷಗಟ್ಟಲೆ ಬೇಕು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಕೂತ ಪ್ರಕಾಶಕರಿದ್ದಾರೆ, ಒಂದು ಕಟುವಾದ ಮಾತಿನಿಂದ ಪುಸ್ತಕವೇ ಸತ್ತುಹೋಗಬಹುದು ಎಂದು ನಮ್ಮ ಹಿರಿಯರು ವಾದಿಸುತ್ತಾರೆ. ಮಾರುಕಟ್ಟೆ ಚಿಕ್ಕದೆಂಬುದು ನಿಜ. ಉಳಿದದ್ದನ್ನು ನಮ್ಮ ಸಾಹಿತ್ಯದ ಚರಿತ್ರೆಯೇ ಒಪ್ಪುವುದಿಲ್ಲ. 2007ರಲ್ಲಿ ಎಸ್.ಎಲ್. ಭೈರಪ್ಪನವರ 'ಆವರಣ' ಬಂದಾಗ, ಅವರು ಚರ್ಚಾಪಟುವೇ ಹೊರತು ಕಾದಂಬರಿ ಬರೆಯಲು ತಿಳಿದವರಲ್ಲ ಎಂದು ಯು.ಆರ್. ಅನಂತಮೂರ್ತಿ ಅವರು ಬಹಿರಂಗವಾಗಿಯೇ ಹೇಳಿದರು. ಅದಕ್ಕಿಂತ ಕಟುವಾದ ಮಾತನ್ನು ಯಾವ ಓದುಗ ತಾನೇ ಆಡಿಯಾನು? ಪುಸ್ತಕ ಸಾಯಲಿಲ್ಲ, ಮುದ್ರಣದ ಮೇಲೆ ಮುದ್ರಣ ಕಂಡಿತು. ಮೆಚ್ಚಿದವರು ಏಕೆ ಮೆಚ್ಚಿದೆವೆಂದು, ಮೆಚ್ಚದವರು ಏಕೆ ಮೆಚ್ಚಲಿಲ್ಲವೆಂದು ಪತ್ರಿಕೆಗಳಲ್ಲಿ ಬರೆದರು.

ಅದೇ ಗಲಾಟೆಯಿಂದ ನಮಗೆ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿತೆಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಲೇಖಕ ಯಾವ ಬಣದವನೆಂದು ನೋಡಿ ಪುಸ್ತಕದ ಬಗ್ಗೆ ಅಭಿಪ್ರಾಯ ಕೊಡುವುದು, ಕೊಂಡಾಡುವವರು ಓದದೆಯೇ ಕೊಂಡಾಡುವುದು, ಬೈಯುವವರು ಓದದೆಯೇ ಬೈಯುವುದು ಇಂದಿಗೂ ನಡೆದಿದೆ. ಓದದೆ ಬೈಯುವವರನ್ನು ತಡೆಯಬೇಕೆಂದು ನಮ್ಮ ಹಿರಿಯರು ಹೇಳಿದರೆ ಮೊದಲು ಕೈ ಎತ್ತುವವನು ನಾನು. ಆದರೆ ಅವರು ತಡೆದದ್ದು ಓದಿಕೊಂಡು ಬಂದವಳನ್ನು. ಓದದೆ ಹೊಗಳಿದವರಿಗೆ ಅಂದು ಯಾವ ಅಡ್ಡಿಯೂ ಆಗಲಿಲ್ಲ.

ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯ ಕತೆ ನಮ್ಮ ಮೈಸೂರಿನವರಿಗೆ ಇನ್ನೂ ಹತ್ತಿರದ್ದು. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬಂದ ಆ ಪುಟ್ಟ ಕಾದಂಬರಿಯನ್ನು 1984ರಲ್ಲಿ ಕೈಗೆತ್ತಿಕೊಂಡ ಎಷ್ಟೋ ಮಂದಿ, ಕನ್ನಡವೇ ಆದರೂ ನಮಗೆ ಇದು ಅರ್ಥವಾಗುತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗೆ ಹೇಳಿದ್ದರಿಂದ ಕೃತಿಗೆ ಅವಮಾನವಾಗಲಿಲ್ಲ. ಹೇಗೆ ಓದಬೇಕು ಎಂಬ ಚರ್ಚೆ ನಡೆಯಿತು, ಜೋರಾಗಿ ಓದಿದರೆ ತಾನೇ ತೆರೆದುಕೊಳ್ಳುತ್ತದೆ ಎಂದು ಅನುಭವಿಗಳು ಹೇಳಿಕೊಟ್ಟರು, ಹಿರಿಯ ವಿದ್ವಾಂಸರಾದ ಎಲ್. ಬಸವರಾಜು ಅವರು ಆ ಗದ್ಯವನ್ನು ಪದ್ಯದ ಸಾಲುಗಳಂತೆ ಬಿಡಿಸಿ ತೋರಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರ್ಥವಾಗಲಿಲ್ಲ ಎಂದವರ ಬಾಯಿಯನ್ನು ಪ್ರೋತ್ಸಾಹದ ಮಾತಿನಿಂದ ಮುಚ್ಚಿಸಿದ್ದರೆ ಇಂತಹ ಮಾತುಕತೆಗೆ ಜಾಗವೆಲ್ಲಿರುತ್ತಿತ್ತು? ಎಲ್ಲರೂ ಅದ್ಭುತವೆಂದು ತಲೆದೂಗಿ ಪುಸ್ತಕವನ್ನು ಕಪಾಟಿಗೆ ಸೇರಿಸಿಬಿಡುತ್ತಿದ್ದರು.

ಲೇಖಕರ ಮನಸ್ಸು ನೋಯುತ್ತದೆ ಎಂಬುದು ನಮ್ಮ ಹಿರಿಯರ ಇನ್ನೊಂದು ಮಾತು. ನೋಯಬಹುದು. ಆದರೆ ಕಳೆದ ಭಾನುವಾರ ನಾನು ಕಣ್ಣಾರೆ ಕಂಡದ್ದೇ ಬೇರೆ. ಸಭೆ ಮುಗಿದು ಎಲ್ಲರೂ ಲೇಖಕರೊಡನೆ ಫೋಟೊ ತೆಗೆಸಿಕೊಂಡ ಮೇಲೆ, ಅವರು ಚಪ್ಪಲಿ ಮೆಟ್ಟುತ್ತಿದ್ದ ಆ ಹುಡುಗಿಯ ಬಳಿಗೆ ತಾವಾಗಿಯೇ ಹೋಗಿ, "ಪಾಲಿನ ಅಧ್ಯಾಯ ಎಂದಿರಲ್ಲ, ಯಾವ ಪುಟ ಅದು? ಸ್ವಲ್ಪ ತೋರಿಸಿ" ಎಂದರು. ಇಬ್ಬರೂ ಗೇಟಿನ ಬಳಿ ನಿಂತು ಆ ಪುಟವನ್ನು ತೆಗೆದು ನೋಡಿದರು. ಲೇಖಕರು ಜೇಬಿನಿಂದ ಪೆನ್ನು ತೆಗೆದು ತಮ್ಮ ಪ್ರತಿಯಲ್ಲಿ ಏನೋ ಗುರುತು ಮಾಡಿಕೊಂಡರು. ಹೊಗಳಿದವರ ಬಳಿ ಅವರು ಯಾವ ಪುಟದ ಸಂಖ್ಯೆಯನ್ನೂ ಕೇಳಲಿಲ್ಲ.

ಬಳಗದ ಹಿರಿಯರೆಲ್ಲರಿಗೂ ನಾನು ಈಗಾಗಲೇ ಫೋನ್ ಮಾಡಿ ನನ್ನ ಅಸಮಾಧಾನವನ್ನು ತಿಳಿಸಿದ್ದೇನೆ. ಇಬ್ಬರು ಒಪ್ಪಿದರು, ಒಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ. ಅವರ ಮೇಲೆ ನನಗಿರುವ ಗೌರವ ಇದರಿಂದ ಕಡಿಮೆಯಾಗಿಲ್ಲ, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಮುಂದಿನ ಸಭೆಗಳಲ್ಲಿ ಮೊದಲ ಒಂದು ಗಂಟೆ ಓದಿದವರಷ್ಟೇ ಮಾತನಾಡಲಿ, ಲೇಖಕರು ಬರುವುದಾದರೆ ಆಮೇಲೆ ಬರಲಿ ಎಂದು ಸೂಚಿಸಿದ್ದೇನೆ. ಮೆಚ್ಚಿದವರೂ ಮೆಚ್ಚದವರೂ ಕನಿಷ್ಠ ಒಂದು ಪುಟವನ್ನಾದರೂ ತೆರೆದು ತೋರಿಸಿ ಮಾತನಾಡಬೇಕು, ಒಬ್ಬರು ಮಾತನಾಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಬಾರದು. ಮುಂದಿನ ತಿಂಗಳಿಗೆ 'ಕುಸುಮಬಾಲೆ'ಯನ್ನೇ ಇಟ್ಟುಕೊಂಡಿದ್ದೇವೆ. ಮೈಸೂರಿನಲ್ಲಿರುವ ಗೆಳೆಯರು ದಯವಿಟ್ಟು ಬನ್ನಿ. ಪೂರ್ತಿ ಓದಿದವರು ಮಾತ್ರವಲ್ಲ, ಹತ್ತು ಪುಟ ಓದಿ ಕೈಬಿಟ್ಟವರೂ ಬರಬೇಕು. ಎಲ್ಲಿ ನಿಲ್ಲಿಸಿದಿರಿ, ಏಕೆ ನಿಲ್ಲಿಸಿದಿರಿ ಎಂಬುದನ್ನು ನಿಮ್ಮ ಬಾಯಿಂದಲೇ ಕೇಳಬೇಕಾಗಿದೆ.