ಸತ್ಯಾಂಶ: ಅಮೆರಿಕದ ಸಂಸದರಿಗೆ ದುಡ್ಡು ಕೊಟ್ಟದ್ದು ಟೆಲಿಕಾಂ ಕಂಪನಿಯೇ?

2017ರಲ್ಲಿ ಅಮೆರಿಕದ ಸಂಸತ್ತು ಇಂಟರ್ನೆಟ್ ಗ್ರಾಹಕರ ಖಾಸಗಿತನದ ನಿಯಮಗಳನ್ನು ರದ್ದು ಮಾಡಿತು. ಆಗ ಒಂದು ಪಟ್ಟಿ ಎಲ್ಲೆಡೆ ಹರಿದಾಡಿತು: ಟೆಲಿಕಾಂ ಕಂಪನಿಗಳು ಯಾವ ಸಂಸದರಿಗೆ ಎಷ್ಟು ಕೊಟ್ಟವು ಅಂತ. ಅಂಥ ಪಟ್ಟಿಗಳು ಈಗಲೂ ಫಾರ್ವರ್ಡ್ ಆಗುತ್ತವೆ.

ಅಂಕಿಗಳು ಸುಮ್ನೆ ಹುಟ್ಟಿದವಲ್ಲ. ಆದರೆ "ಕಂಪನಿ ಕೊಟ್ಟಿತು" ಎಂಬುದು ತಪ್ಪು. ಕಂಪನಿ ತನ್ನ ಖಜಾನೆಯಿಂದ ಸಂಸತ್ ಅಭ್ಯರ್ಥಿಗೆ ದೇಣಿಗೆ ಕೊಡುವುದನ್ನು 1907ರಲ್ಲೇ ನಿಷೇಧಿಸಲಾಗಿದೆ.

ಹಾಗಾದರೆ ಆ ದುಡ್ಡು ಯಾರದು? ಒಂದಷ್ಟು ನೌಕರರ ಸ್ವಂತದ್ದು. ಯಾರಾದರೂ 200 ಡಾಲರ್‌ಗಿಂತ ಜಾಸ್ತಿ ಕೊಟ್ಟರೆ, ಅವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಅಭ್ಯರ್ಥಿ ಲೆಕ್ಕದಲ್ಲಿ ಬರೆಯಬೇಕು. ಕೇಬಲ್ ರಿಪೇರಿ ಮಾಡುವವರು ತಮ್ಮ ಸಂಬಳದಿಂದ 250 ಡಾಲರ್ ಕೊಟ್ಟರೂ ಪಟ್ಟಿಯಲ್ಲಿ ಅದು ಕಂಪನಿಯ ಹೆಸರಿನಡಿ ಸೇರುತ್ತದೆ. ಉಳಿದದ್ದು ದೇಣಿಗೆ ಸಂಗ್ರಹಿಸಿ ಅಭ್ಯರ್ಥಿಗಳಿಗೆ ಕೊಡುವ ಪ್ಯಾಕ್ ಎಂಬ ಸಮಿತಿಗಳದ್ದು. ಅದನ್ನು ಕಂಪನಿಯೇ ನಡೆಸುತ್ತದೆ, ಆದರೆ ದುಡ್ಡು ಮುಖ್ಯವಾಗಿ ಅಧಿಕಾರಿಗಳು, ಷೇರುದಾರರು ಸ್ವಂತವಾಗಿ ಹಾಕಿದ್ದು. ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಅದರ ಮಿತಿ 5,000 ಡಾಲರ್.

ಹಾಗಂತ ಕಂಪನಿಗಳಿಗೆ ಪ್ರಭಾವವೇ ಇಲ್ಲ ಅಂತಲ್ಲ. 2010ರಿಂದ ಸೂಪರ್ ಪ್ಯಾಕ್‌ಗಳಿಗೆ, ಅಂದರೆ ಅಭ್ಯರ್ಥಿಗೆ ನೇರವಾಗಿ ದುಡ್ಡು ಕೊಡದೆ ಪ್ರಚಾರಕ್ಕೆ ತಾವೇ ಪ್ರತ್ಯೇಕವಾಗಿ ಖರ್ಚು ಮಾಡುವ ಸಮಿತಿಗಳಿಗೆ, ಅವು ಮಿತಿಯಿಲ್ಲದೆ ಕೊಡಬಹುದು. ನನ್ನ ಮಟ್ಟಿಗೆ, ಹೆಚ್ಚು ಗಮನಿಸಬೇಕಾದ್ದು ಅದನ್ನೇ.