ಅಡುಗೆಮನೆ ಒಂದೇ, ಬಿಲ್ಲು ಬೇರೆ

ನಮ್ಮ ಸೋದರಮಾವ ಮಂಡ್ಯ ಕಡೆಯವರು, ಇಪ್ಪತ್ತು ವರ್ಷ ಒಂದೇ ಮಾರುತಿ 800 ಓಡಿಸಿದವರು. 2018ರಲ್ಲಿ ಬಲೆನೋ ತಗೋಬೇಕು ಅಂತ ಮನಸ್ಸಾಗಿ ನನ್ನನ್ನೂ ಕರ್ಕೊಂಡು ಸೀದಾ ಪರಿಚಯದ ಶೋರೂಮಿಗೆ ನುಗ್ಗಿದ್ರು. ಅಲ್ಲಿದ್ದ ಹುಡುಗ, "ಬಲೆನೋ ಇಲ್ಲಿ ಸಿಗಲ್ಲ ಸರ್, ಅದು ನೆಕ್ಸಾದಲ್ಲಿ" ಅಂದ.

"ಬಲೆನೋ ಮಾರುತೀದಲ್ವೇನಪ್ಪಾ?"

"ಮಾರುತೀದೇ ಸರ್."

"ಇದು ಮಾರುತಿ ಶೋರೂಮ್ ತಾನೆ?"

"ಹೌದು ಸರ್."

"ಮತ್ತೆ?"

ಹುಡುಗ ನಕ್ಕೊಂಡು ದಾರಿ ಹೇಳ್ದ. ನೆಕ್ಸಾ ಅಂದ್ರೆ ಮಾರುತಿಯವರದ್ದೇ ಇನ್ನೊಂದು ಬಗೆ ಶೋರೂಮು, ದುಬಾರಿ ಕಾರುಗಳಿಗೆ ಅಂತ ಮಾಡಿದ್ದು. ಅಲ್ಲಿ ಎಲ್ಲಾ ಕಪ್ಪು ಬಿಳಿ, ಫಳಫಳ ಅನ್ನೋ ನೆಲ, ಗಲಾಟೆ ಇಲ್ಲ, ಕಾರುಗಳಿಗೂ ಬೇಕಾದಷ್ಟು ಜಾಗ. ಬಾಗಿಲ ಹತ್ರ ಮಾವ ಚಪ್ಪಲಿ ಬಿಡ್ಬೇಕೇನೋ ಅಂತ ಒಂದು ಗಳಿಗೆ ಅನುಮಾನಿಸಿ, ಆಮೇಲೆ ನನ್ನ ಕಿವೀಲಿ "ಲೋ, ಮಾರುತಿ ಎಲ್ಲೈತೋ ಇಲ್ಲಿ?" ಅಂದ್ರು. ನಾನು ಬಲೆನೋ ಮೂತಿ ಮೇಲಿದ್ದ ಸುಜುಕಿ ಎಸ್ ತೋರಿಸ್ದೆ, ಆಮೇಲೇನೇ ಅವರ ಉಸಿರು ಸಲೀಸಾಗಿ ಬಂದಿದ್ದು.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಹೋಟ್ಲುಗಳು. ಕೆಳಗಡೆ ಸೆಲ್ಫ್ ಸರ್ವಿಸ್, ನಿಂತ್ಕೊಂಡು ತಿನ್ನೋದು, ಮಹಡಿ ಮೇಲೆ ಎಸಿ ಹಾಲ್. ಕಾವಲಿ ಒಂದೇ, ಭಟ್ರೂ ಅವರೇ, ಸಾಂಬಾರೂ ಅದೇ ಹಂಡೇದು. ದೋಸೆ ಮೆಟ್ಲು ಹತ್ತೋ ಹೊತ್ತಿಗೆ ಒಂಚೂರು ಆರಿರುತ್ತೆ, ರೇಟು ಮಾತ್ರ ಏರಿರುತ್ತೆ, ಆದ್ರೂ ಹೆಂಡ್ತಿ ಮಕ್ಕಳ ಜೊತೆ ಹೋದಾಗ ನಾವು ಮೇಲೇನೇ ಹೋಗ್ತೀವಿ. ಯಾರೂ ಮೋಸ ಅನ್ನಲ್ಲ, ಯಾಕಂದ್ರೆ ಆ ದುಡ್ಡು ದೋಸೆಗಲ್ಲ, ಕುರ್ಚಿಗೆ.

ಕಂಪನಿ ಈ ಮಹಡಿ ಕಟ್ಟಿಸಿದ್ದು 2015ರಲ್ಲಿ, ಅದಕ್ಕೂ ಕಾರಣ ಇತ್ತು. 1983ರಿಂದ ಮಾರುತಿ ಅಂದ್ರೆ ಮೈಲೇಜು, ಬೀದಿಗೊಬ್ಬ ಮೆಕ್ಯಾನಿಕ್, ಮಾರಿದ್ರೆ ಒಳ್ಳೆ ರೇಟು. ಇದು ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದ್ರೆ, 2011ರಲ್ಲಿ ಕಿಜಾಶಿ ಅಂತ ದೊಡ್ಡ ಸೆಡಾನ್ ತಂದು ಹದಿನಾರೂವರೆ ಲಕ್ಷದ ಮೇಲೆ ರೇಟಿಟ್ಟಾಗ ಜನ ಕಾರು ಚೆನ್ನಾಗಿದ್ಯಾ ಅಂತ ಕೇಳ್ಲೇ ಇಲ್ಲ, "ಮಾರುತಿಗೆ ಹದಿನಾರು ಲಕ್ಷಾನಾ?" ಅಂದ್ರು, ಅಷ್ಟೆ. ಕಾರು ಸದ್ದಿಲ್ದೆ ಹೋಯ್ತು. ಒಳ್ಳೆ ಹೆಸರು ತಗೊಂಡೋರಿಗೂ ಒಮ್ಮೊಮ್ಮೆ ಆ ಹೆಸರೇ ಅಡ್ಡ ಬರುತ್ತೆ ನೋಡಿ. ತಮಾಷೆ ಅಂದ್ರೆ ನೆಕ್ಸಾ ಅನ್ನೋ ಮಗ ಬೇರೆ ಮನೆ ಮಾಡಿದ್ಮೇಲೆ ಹಳೇ ಮನೆಗೂ, ಅಂದ್ರೆ ಮಾಮೂಲಿ ಮಾರುತಿ ಶೋರೂಮುಗಳಿಗೂ, ಒಂದು ಬೋರ್ಡ್ ಬೇಕಾಯ್ತು, 2017ರಲ್ಲಿ ಅದಕ್ಕೆ ಅರೆನಾ ಅಂತ ಹೆಸರಿಟ್ರು.

ನನಗೆ ತುಂಬಾ ಇಷ್ಟವಾದ್ದು ಎಕ್ಸ್‌ಎಲ್6. ಅರೆನಾದಲ್ಲಿ ಸಿಗೋ ಎರ್ಟಿಗಾದಲ್ಲಿ ಏಳು ಜನ ಕೂರಬಹುದು. ಅದನ್ನೇ ಮೂತಿ ತಿದ್ದಿ, ಮಧ್ಯದ ಸಾಲಿನ ಉದ್ದ ಸೀಟು ತೆಗೆದು ಎರಡು ಬಿಡಿ ಕುರ್ಚಿ ಹಾಕಿ, 2019ರಲ್ಲಿ ನೆಕ್ಸಾದಲ್ಲಿ ಇಟ್ರು. ಒಂದು ಸೀಟು ಕಮ್ಮಿ, ದುಡ್ಡು ಜಾಸ್ತಿ! ಆದ್ರೆ ಏಳನೇ ಸೀಟು ಇಲ್ದಿದ್ರೆ ಮದುವೆಗೆ ಹೊರಟಾಗ "ನಾನೂ ಬರ್ತೀನಿ" ಅನ್ನೋ ಏಳನೇ ನೆಂಟನೂ ಇರಲ್ಲ, ಅದಕ್ಕೆ ದುಡ್ಡು ಕೊಟ್ರೆ ತಪ್ಪೇನು ಅಂತ ನಮ್ಮತ್ತೆ ವಾದ.

ಟೊಯೋಟಾದವರೂ ತಮ್ಮ ದುಬಾರಿ ಕಾರುಗಳಿಗೆ ಲೆಕ್ಸಸ್ ಅಂತ ಬೇರೆ ಹೆಸರಿಟ್ಟಿದ್ದಾರೆ, ಆ ಕಥೆ ಇನ್ನೂ ಮಜಾ. 1989ರಲ್ಲಿ ಅಮೆರಿಕಾದಲ್ಲಿ ಲೆಕ್ಸಸ್ ಎಲ್‌ಎಸ್ 400 ಬೆನ್ಜ್‌ಗೆ ಸೆಡ್ಡು ಹೊಡ್ಕೊಂಡು ಓಡಾಡ್ತಿದ್ರೆ, ಅದೇ ಕಾರು ತವರುಮನೆ ಜಪಾನಲ್ಲಿ ಟೊಯೋಟಾ ಸೆಲ್ಸಿಯರ್ ಅಂತ ಅಪ್ಪನ ಹೆಸರಲ್ಲೇ ಇತ್ತು. ಲೆಕ್ಸಸ್ ಅಂಗಡಿ ಜಪಾನಲ್ಲಿ ತೆರೆದಿದ್ದು 2005ರಲ್ಲಿ. ಮನೆಯವರ ಮುಂದೆ ಜಂಬ ಮಾಡೋಕೆ ಹದಿನಾರು ವರ್ಷ ಧೈರ್ಯ ಬೇಕಾಯ್ತೇನೋ.

ಈಗ ನಮ್ಮ ಬಿಡದಿಗೆ ಬನ್ನಿ, ತಟ್ಟೆ ಇಡ್ಲಿ ತಿಂದು ಟೊಯೋಟಾ ಫ್ಯಾಕ್ಟರಿ ಕಡೆ ನೋಡಿ. ಇನ್ನೋವಾ ಹೈಕ್ರಾಸ್ ಅಲ್ಲೇ ಆಗುತ್ತೆ, ಅದೇ ಕಾರು ಸ್ವಲ್ಪ ಮೂತಿ ಬದಲಾಯಿಸ್ಕೊಂಡು 2023ರಿಂದ ಇನ್ವಿಕ್ಟೋ ಅಂತ ನೆಕ್ಸಾದಲ್ಲಿ ಇಪ್ಪತ್ತೈದು ಲಕ್ಷದ ಆಸುಪಾಸಲ್ಲಿ ಶುರುವಾಗುತ್ತೆ. ಆ ಕಡೆ ನೆಕ್ಸಾದ ಬಲೆನೋ ಟೊಯೋಟಾ ಅಂಗಡೀಲಿ ಗ್ಲಾನ್ಜಾ. ಅಂದ್ರೆ ಈಗ ಪಕ್ಕದ ಹೋಟ್ಲಿಂದಲೂ ಮಹಡಿಗೆ ಪಾರ್ಸಲ್ ಬರುತ್ತೆ, ಇಲ್ಲಿಂದ ಅಲ್ಲಿಗೂ ಹೋಗುತ್ತೆ.

ಮಾವ ಬಲೆನೋ ತಗೊಂಡ್ರು, ನೀಲಿ ಬಣ್ಣದ್ದು. ಆರ್‌ಸಿ ಕಾರ್ಡ್ ಬಂದಾಗ ಕನ್ನಡಕ ಹಾಕ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು, ಅದ್ರಲ್ಲಿ ನೆಕ್ಸಾ ಅನ್ನೋ ಸುದ್ದೀನೇ ಇಲ್ಲ, ತಯಾರಕರು ಮಾರುತಿ ಸುಜುಕಿ ಇಂಡಿಯಾ ಅಂತಿತ್ತು. ಆಗ್ಲಿಂದ ಅವರ ಮಾತೂ ಎರಡಾಗಿದೆ. ಊರಲ್ಲಿ ಯಾರಾದ್ರೂ ಖರ್ಚು ಎಷ್ಟು ಬೀಳುತ್ತೆ ಅಂದ್ರೆ "ಮಾರುತಿ ಅಲ್ವೇನ್ಲಾ, ಏನು ಬೀಳ್ತದೆ" ಅಂತಾರೆ, ಛತ್ರದ ಮುಂದೆ ಬೀಗರು ಯಾವ ಕಾರು ಅಂದ್ರೆ ಕೀ ಬೆರಳಲ್ಲಿ ತಿರುಗಿಸ್ತಾ "ನೆಕ್ಸಾದು" ಅಂತಾರೆ.

ಹೋದ್ಸಲ ನಾನು ಹೋದಾಗ ಎದುರುಮನೆ ಗ್ಯಾರೇಜ್ ಹುಡುಗ ಬಾನೆಟ್ ಎತ್ತಿ ಇಣುಕಿ, "ಅಯ್ಯೋ, ಸ್ವಿಫ್ಟ್‌ದೇ ಇಂಜಿನ್ ಅಲ್ವಾ ಅಣ್ಣ ಇದು" ಅಂದ. ಮಾವ ಅವನ ಕೈ ಸರಿಸಿ ಬಾನೆಟ್ ಧಪ್ ಅಂತ ಮುಚ್ಚಿ, "ಕಾಫಿ ಕುಡೀತೀಯೇನ್ಲಾ?" ಅಂದ್ರು.