ಈ ‘ಮತ್ತು’ ಇಳಿಯೋದು ಯಾವಾಗ ಮಾರಾಯ್ರೆ

ನಿನ್ನೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ರೆ ಇವತ್ತೂ ನಿದ್ರೆ ಬರಲ್ಲ. ಮೇಷ್ಟ್ರಮ್ಮ ಮತ್ತೆ ಶುರು ಮಾಡಿದ್ರು ಅಂತ ನಗೋರು ನಗಿ.

ತೀರ್ಥಹಳ್ಳಿ ಹತ್ರ ತಂಗಿ ಮನೆಗೆ ಹೋಗಿದ್ದೆ. ಅಂಗಳದ ತುಂಬ ಅಡಿಕೆ ಹರವಿದಾರೆ, ಜಗಲಿ ಮೇಲೆ ತಂಗಿ ಮೊಮ್ಮಗಳು, ನಾಲ್ಕನೇ ಕ್ಲಾಸು, ಮೂತಿ ಊದಿಸ್ಕೊಂಡು ಕೂತಿದಾಳೆ. ಎಂತಾಯ್ತೇ ಅಂದ್ರೆ "ದೊಡ್ಡಜ್ಜಿ, ಇದ್ರಲ್ಲಿ ನಂದೆಂತ ತಪ್ಪು ಹೇಳು" ಅಂತ ನೋಟ್‌ಬುಕ್ ನನ್ನ ಮಡಿಲಿಗೆ ಎಸೆದ್ಲು. ಸೂಕ್ತ ಪದ ಬಳಸಿ ವಾಕ್ಯ ಜೋಡಿಸಿರಿ ಅಂತ ಪ್ರಶ್ನೆ. ‘ಅಪ್ಪ ತೋಟಕ್ಕೆ ಹೋದನು. ಅಪ್ಪ ಹೂವು ತಂದನು.’ ಮಗು ಬರ್ದಿದ್ದು: ಅಪ್ಪ ತೋಟಕ್ಕೆ ಹೋಗಿ ಹೂವು ತಂದನು. ಕೆಂಪು ಪೆನ್ನಲ್ಲಿ ಅಡ್ಡಗೀಟು, ಕೆಳಗೆ ಸರಿಯುತ್ತರ: ಅಪ್ಪ ತೋಟಕ್ಕೆ ಹೋದನು ಮತ್ತು ಹೂವು ತಂದನು. ಮುಂದಿಂದು ‘ರವಿ ಓದಿದನು. ರವಿ ಪಾಸಾಗಲಿಲ್ಲ.’ ಇವಳು ‘ರವಿ ಓದಿದರೂ ಪಾಸಾಗಲಿಲ್ಲ’ ಅಂತ ಎಷ್ಟು ಚೆಂದ ಬರ್ದಿದಾಳೆ, ಅದಕ್ಕೂ ಗೀಟು, ‘ಆದರೆ’ ಇಲ್ವಂತೆ. ‘ಹಾಲೋ ಮಜ್ಜಿಗೆಯೋ ಕೊಡಿ’ ಅಂದಿದ್ದಕ್ಕೂ ಸೊನ್ನೆ, ಯಾಕಂದ್ರೆ ‘ಅಥವಾ’ ಇಲ್ಲ.

ಇದೆಂತ ಕನ್ನಡ ಪರೀಕ್ಷೆಯೋ ಇಂಗ್ಲಿಷಿನ ಟ್ಯೂಷನ್ನೋ?

ಪುಸ್ತಕ ಮುಚ್ಚಿಟ್ಟು, ನಿಮ್ಮನೆ ಅಡಿಕೆ ಮಂಡಿಗೆ ಹೆಂಗೆ ಹೋಗತ್ತೆ ಹೇಳು ನೋಡನ ಅಂದೆ. ಒಂದೇ ಉಸಿರಲ್ಲಿ "ಕೊನೆಗೌಡ ಬಂದು ಮರ ಹತ್ತಿ ಕೊನೆ ಕೊಯ್ದು ಹಗ್ಗದಲ್ಲಿ ಇಳ್ಸಿದ್ಮೇಲೆ ನಾವು ಮನೆಗೆ ತಂದು ಸುಲ್ದು ಚೊಗರಲ್ಲಿ ಬೇಯ್ಸಿ ಒಣಗ್ಸಿದ್ಮೇಲೆ ಅಪ್ಪ ಶಿವಮೊಗ್ಗಕ್ಕೆ ತಗೊಂಡೋಗ್ತಾರೆ." (ಕೊನೆಗೌಡ ಅಂದ್ರೆ ಅಡಿಕೆ ಗೊನೆ ಕೊಯ್ಯೋನು, ಚೊಗರು ಅಂದ್ರೆ ಅಡಿಕೆ ಬೇಯಿಸಿದ ರಸ.) ಎಣಿಸಿ ನೋಡಿ, ಒಂಬತ್ತು ಕೆಲಸ, ಒಂದಾದ್ರೂ ‘ಮತ್ತು’ ಇದೆಯಾ? ಇನ್ನೊಂದು ಗಮನಿಸಿ. ಒಬ್ನೇ ಮಾಡೋ ಕೆಲಸಕ್ಕೆ ಬಂದು, ಹತ್ತಿ, ಕೊಯ್ದು ಅಂತಾಳೆ, ಕೆಲಸ ಮಾಡೋರು ಬದಲಾದ ಜಾಗದಲ್ಲಿ ಮಾತ್ರ ‘ಇಳ್ಸಿದ್ಮೇಲೆ’, ‘ಒಣಗ್ಸಿದ್ಮೇಲೆ’. ಯಾರು ಕಲಿಸಿದ್ರು ಇದನ್ನ? ಯಾರೂ ಇಲ್ಲ. ‘ಅಣ್ಣ ಹಾಡಿ ತಂಗಿ ಕುಣಿದಳು’ ಅಂತ ಯಾವ ಮಗುವೂ ಅನ್ನಲ್ಲ, ‘ಅಣ್ಣ ಹಾಡಿದ, ತಂಗಿ ಕುಣಿದ್ಲು’ ಅಂತ ಸುಮ್ನೆ ಪಕ್ಕಪಕ್ಕ ಇಡತ್ತೆ. ಯಾಕೆ ಹಾಗೆ ಅಂತ ಮಕ್ಕಳ ಜೊತೆ ಕೂತು ಮಾತಾಡಿದ್ರೆ ಅದು ವ್ಯಾಕರಣದ ಪಾಠ. ನಾವು ಅದನ್ನ ಬಿಟ್ಟು ಎರಡು ವಾಕ್ಯದ ಮಧ್ಯೆ ‘ಮತ್ತು’ ಅನ್ನೋ ಮೊಳೆ ಹೊಡಿತಾ ಕೂತಿದೀವಿ.

ರಾತ್ರಿ ಜೊತೆಗೆ ರಿಟೈರ್ ಆದ ಗೆಳತಿಗೆ ಫೋನ್ ಮಾಡಿ ಕೂಗಾಡಿದೆ. ಅವಳು ತಣ್ಣಗೆ, "ಅಲ್ವೇ ಮಾರಾಯ್ತಿ, ನಾಳೆ ಇಂಗ್ಲಿಷಲ್ಲಿ ಆಂಡ್, ಬಟ್, ಆರ್ ಬರತ್ತಲ್ಲ, ಇಲ್ಲೇ ರೂಢಿಯಾದ್ರೆ ಸುಲಭ" ಅಂದ್ಲು. ಒಪ್ಪಿದೆ, ಇಂಗ್ಲಿಷಿಗೆ ಅದು ಬೇಕು. ಅವರಿಗೆ ಅಂಥವು ಏಳಿದಾವೆ, ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲಕ್ಷರ ಕೂಡಿಸಿ ‘ಫ್ಯಾನ್‌ಬಾಯ್ಸ್’ ಅಂತ ಬಾಯಿಪಾಠ ಮಾಡಿಸ್ತಾರೆ, ಮಾಡಿಸ್ಲಿ. 2007ರಲ್ಲಿ ಸರ್ಕಾರಿ ಶಾಲೆಗೂ ಒಂದನೇ ಕ್ಲಾಸಿಂದ ಇಂಗ್ಲಿಷ್ ಬಂದಾಗ ನಾನೂ ಖುಷಿಪಟ್ಟವಳೇ. ಹಾಗಂತ ಇಂಗ್ಲಿಷ್ ಪೀರಿಯಡ್ಡಿನ ಕೆಲಸ ಕನ್ನಡ ಪೀರಿಯಡ್ಡಲ್ಲಿ ಯಾಕೆ? ‘ಮತ್ತು’ ಕನ್ನಡವೇ ಅಲ್ವಾ ಅಂತನೂ ಕೇಳಿದ್ಲು. ಹೌದು ತಾಯಿ, ಬರವಣಿಗೆಯಲ್ಲಿ ಎರಡು ಹೆಸರು ಕೂಡಿಸಕ್ಕೆ ಇರ್ಲಿ. ಮನೇಲಿ ಮಾತ್ರ ಅಪ್ಪನೂ ಅಮ್ಮನೂ ಅಂತೀವಿ, ಆ ‘ಊ’ ಪಂಪನ ಕಾಲದ ಹಳಗನ್ನಡದಲ್ಲಿ ‘ಉಂ’ ಆಗಿತ್ತು, ಸಾವಿರ ವರ್ಷದಿಂದ ಒಂದು ಅಕ್ಷರ ಅಷ್ಟು ಕೆಲಸ ಮಾಡ್ಕೊಂಡು ಬಂದಿದೆ, ಅದಕ್ಕೆ ವರ್ಕ್‌ಶೀಟಲ್ಲಿ ಅರ್ಧ ಮಾರ್ಕಿನ ಮರ್ಯಾದೆಯೂ ಇಲ್ಲ. ಅಷ್ಟಕ್ಕೂ ಇವರ ‘ಆದರೆ’ ಎಲ್ಲಿಂದ ಬಂತು? ‘ಆಗು’ ಅನ್ನೋ ಕ್ರಿಯಾಪದದಿಂದ ತಾನೇ. ಓದಿದರೆ, ಬಂದರೆ, ಆದರೆ. ‘ಆದ್ದರಿಂದ’ವೂ ಅದರ ತಮ್ಮನೇ.

ಇಷ್ಟೆಲ್ಲ ಬೈದ ಮೇಲೆ ಒಂದು ಒಪ್ಕೊಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊಸನಗರದ ಕಡೆ ಇದ್ದಾಗ, ಒಬ್ಬ ಹುಡುಗ ಮೂರು ದಿನ ಬಂದಿರ್ಲಿಲ್ಲ. ಕಾರಣ ಬರ್ಕೊಂಡು ಬಾ ಅಂದೆ. ‘ಮಳೆ ಬಂತು ಸಂಕ ಹೋಯ್ತು ನಾನು ಬರ್ಲಿಲ್ಲ’ ಅಂತ ಬರ್ಕೊಂಡು ಬಂದ. (ಸಂಕ ಅಂದ್ರೆ ಹಳ್ಳ ದಾಟೋ ಕಾಲುಸೇತುವೆ.) ನಾನು ಮಹಾ ಪಂಡಿತೆ, ಪೂರ್ಣವಿರಾಮ ಎಲ್ಲಿ, ‘ಆದ್ದರಿಂದ’ ಎಲ್ಲಿ ಅಂತ ಕೆಂಪು ಪೆನ್ನಲ್ಲಿ ತಿದ್ದಿ ಐದು ಸಲ ಬರೆಸಿದೆ. ಹಳ್ಳದಾಚೆ ಮನೆ ಅವನದು. ಸಂಕ ಮತ್ತೆ ಕಟ್ಟಿದ್ರಾ, ಹೆಂಗೆ ದಾಟಿ ಬಂದೆ ಅಂತ ಒಂದು ಮಾತು ಕೇಳ್ಲಿಲ್ಲ ನೋಡಿ.

ಇರ್ಲಿ. ಹೊರಡುವಾಗ ಪುಟ್ಟಿ ಗೇಟ್ ತನಕ ಬಂದು, "ಟೆಸ್ಟಲ್ಲಿ ಎಂತ ಬರೀಲಿ ದೊಡ್ಡಜ್ಜಿ?" ಅಂತ ಕೇಳಿದ್ಲು.

‘ಮತ್ತು’ ಅಂತಲೇ ಬರಿ ಪುಟ್ಟಿ, ಇಲ್ದಿದ್ರೆ ಮಾರ್ಕ್ಸ್ ಹೋಗತ್ತೆ ಅಂದೆ. ಬಸ್ಸಲ್ಲಿ ಕೂತ್ಮೇಲೆ ನನ್ನ ಬಾಯಿಗೇ ಎರಡು ಬಾರಿಸ್ಕೊಳ್ಳೋಣ ಅನ್ನಿಸ್ತು.